ಡಾಕ್ಟರ ಕಾರಿಗೆ ಲಾರಿಯ ಬೆನ್ನೆಲುಬು

ವೆಲ್ಡಿಂಗ್ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನ ಹತ್ತಿರ ಬಂದು ಕೇಳುವುದು ಎರಡೇ ಪ್ರಶ್ನೆ: ಯಾವ ಮೆಷಿನ್ ಒಳ್ಳೆಯದು, ಯಾವ ರಾಡು ಒಳ್ಳೆಯದು. ಮೆಷಿನ್ ಎಲ್ಲವೂ ಒಳ್ಳೆಯವೇ. ರಾಡು ಒಣಗಿದ್ದರೆ ಸಾಕು. ನಮ್ಮ ಕಡೆಯ ಮಳೆಗಾಲದಲ್ಲಿ ಅದನ್ನು ಒಣಗಿಸಿಡುವುದೇ ಅರ್ಧ ವಿದ್ಯೆ. ನಾನು ಹೇಳಬೇಕೆಂದಿರುವುದು ಬೇರೆ. ಬಾಳೆಗುಳಿ ಕ್ರಾಸಿನಲ್ಲಿ ನಲವತ್ತು ವರ್ಷ ಲಾರಿ ಚಾಸಿ ಬೆಸೆದವನು ನಾನು. ಆದರೆ ನನ್ನ ಕೈಯಿಂದ ಆದ ಅತಿ ದೊಡ್ಡ ತಪ್ಪು ಅಂಗಡಿ ಮುಚ್ಚಿ, ಇನ್ನು ನಾನು ನಿವೃತ್ತ ಎಂದು ಊರಿಗೆಲ್ಲ ಹೇಳಿಕೊಂಡ ಮೇಲೆ ಆಯಿತು. ಅದನ್ನೇ ಬರೆಯುತ್ತೇನೆ. ಉಳಿದದ್ದು ದಾರಿಯಲ್ಲಿ ಸಿಕ್ಕಿದರೆ ಸಿಗಲಿ.

ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಲಾರಿಯದಾದರೆ ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿಗಳು. ನೆಲದ ಮೇಲೆ ಮಲಗಿಸಿದ ಏಣಿಯ ಹಾಗೆ ಕಾಣುತ್ತದೆ. ಎಂಜಿನ್ನು, ಕ್ಯಾಬಿನ್ನು, ಹಿಂದಿನ ಲೋಡು, ಡ್ರೈವರ್ ಅಂಟಿಸಿಕೊಂಡ ಹೆಂಡತಿ ಮಕ್ಕಳ ಫೋಟೊ, ಎಲ್ಲವೂ ಕೂತಿರುವುದು ಅದರ ಮೇಲೆಯೇ. ಅದು ಬಿರಿದರೆ ಲಾರಿ ನನ್ನಲ್ಲಿಗೆ ಬರುತ್ತಿತ್ತು.

ನನಗೆ ಕೆಲಸ ಕಲಿಸಿದವರು ಖಾದರ್ ಉಸ್ತಾದ್. ಅವರು ಟೇಪು ಮುಟ್ಟುತ್ತಿರಲಿಲ್ಲ. ಮೀನಿನ ಬಲೆಯ ಒಂದು ದಾರ, ತುದಿಗೆ ಕಟ್ಟಿದ ಒಂದು ನಟ್ಟು, ಅಷ್ಟೇ ಅವರ ಅಳತೆಯ ಸಾಮಾನು. 'ಟೇಪ್ ತೆಗೆದ್ರೆ ಗಿರಾಕಿಗೆ ಅನುಮಾನ ಬತ್ತದೆ ಹಮ್ಮಣ್ಣ, ಇವ್ನಿಗೆ ಕಣ್ಣಳತೆ ಇಲ್ಲ ಅಂತ' ಎನ್ನುತ್ತಿದ್ದರು. ಕೆಂಪಗೆ ಕಾಯಿಸಿದ ರಿವೆಟ್ಟನ್ನು ಇಕ್ಕಳದಲ್ಲಿ ಎಸೆದು, ಇನ್ನೊಬ್ಬ ಡಬ್ಬಿಯಲ್ಲಿ ಹಿಡಿದು, ಮೂರನೆಯವ ಸುತ್ತಿಗೆಯಿಂದ ಬಡಿಯುವ ಕಾಲದವರು ಅವರು. ವೆಲ್ಡಿಂಗ್ ಬಂದಾಗ ಎರಡು ವರ್ಷ ಅದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. 'ಅದು ಅಂಟ್ ಹಾಕೂ ಕೆಲ್ಸ, ಪೋಸ್ಟಾಫೀಸಿನೋರು ಮಾಡ್ಲಿ' ಎಂದರು. ಆಮೇಲೆ ಕಲಿತರು, ನಮ್ಮನ್ನೆಲ್ಲ ಮೀರಿಸಿದರು.

ಅವರಿಂದ ನಾನು ಎರಡು ವಿದ್ಯೆ ಕಲಿತೆ. ಎರಡೂ ಕೊನೆಗೆ ನನ್ನ ಕುತ್ತಿಗೆಗೇ ಬಂದವು.

ಒಂದನೆಯದು ಉಬ್ಬು ಕೊಡುವುದು. ಬಿರಿದ ತೊಲೆಯನ್ನು ಬೆಸೆಯುವ ಮೊದಲು ಅದರ ನಡುವಿಗೆ ಜಾಕ್ ಇಟ್ಟು ಹೆಬ್ಬೆರಳಿನಷ್ಟು ಮೇಲೆತ್ತಬೇಕು, ಹಾಗೆಯೇ ಹಿಡಿದು ಬೆಸೆಯಬೇಕು. ಯಾಕೆಂದರೆ ಖಾಲಿ ಇದ್ದಾಗ ನೆಟ್ಟಗಿರುವ ಚಾಸಿ ಲೋಡು ಬಿದ್ದ ಕೂಡಲೇ ಹೊಟ್ಟೆ ಬಿಡುತ್ತದೆ. ಖಾಲಿ ಇದ್ದಾಗ ಬೆನ್ನು ಸ್ವಲ್ಪ ಉಬ್ಬಿದ್ದರೆ ಲೋಡು ಬಿದ್ದಾಗ ನೆಟ್ಟಗಾಗುತ್ತದೆ. ಅದಿರಿನ ಲಾರಿಗಳ ಕಾಲದಲ್ಲಂತೂ ಈ ಉಬ್ಬು ಇಲ್ಲದೆ ಯಾವ ಲಾರಿಯೂ ನನ್ನ ಅಂಗಡಿಯಿಂದ ಹೊರಗೆ ಹೋಗಲಿಲ್ಲ. ಲೋಡು ಎಷ್ಟು ಹಾಕುತ್ತಿದ್ದರು ಎಂದು ನಾನು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಉಬ್ಬಿನ ಅಳತೆ ನೋಡಿದರೆ ಇಬ್ಬರಿಗೂ ಗೊತ್ತಾಗುತ್ತಿತ್ತು.

ಎರಡನೆಯ ವಿದ್ಯೆ, ಗಿರಾಕಿಯ ಎದುರು ತಪ್ಪಾಯಿತು ಎನ್ನಬಾರದು. 'ಒಂದ್ ಸಲ ಅಂದ್ರೆ ಮುಗೀತು. ಆಮೇಲೆ ಅವ್ನ ಲಾರಿ ಪಂಕ್ಚರ್ ಆದ್ರೂ ನಿನ್ ಹತ್ರ ಬತ್ತ, ಹೆಂಡ್ತಿ ಸಿಟ್ ಮಾಡ್ಕಂಡ್ರೂ ನಿನ್ ಹತ್ರ ಬತ್ತ' ಎಂಬುದು ಉಸ್ತಾದರ ಲೆಕ್ಕ.

ಇದನ್ನು ನಾನು ಎಷ್ಟು ಚೆನ್ನಾಗಿ ಪಾಲಿಸಿದೆ ಎನ್ನುವುದಕ್ಕೆ ಬೀರಪ್ಪನ ಲಾರಿಯೇ ಸಾಕ್ಷಿ. ನಾನು ಸ್ವತಂತ್ರವಾಗಿ ಕೆಲಸ ಹಿಡಿದ ಮೊದಲನೇ ವರ್ಷ ಅವನ ಲಾರಿಯ ಹಿಂದಿನ ಭಾಗ ಹೊಸದಾಗಿ ಜೋಡಿಸಿದೆ. ದಾರ ಹಿಡಿಯುವಾಗ ಯಾರೋ ಚಹಾ ತಂದರು, ನಾನು ತಿರುಗಿದೆ, ಹಿಂದಿನ ಆಕ್ಸಲ್ ಮೂರು ಬೆರಳು ಓರೆಯಾಗಿ ಕೂತಿತು. ವಾರ ಕಳೆದು ಬೀರಪ್ಪ ಬಂದ.

'ಹಮ್ಮಣ್ಣ, ನಾ ಕುಮಟೆ ಬದಿ ಹೋಗ್ತೆ, ಲಾರಿ ಸಮುದ್ರ ನೋಡ್ಕಂಡ್ ಹೋಗ್ತದೆ.'

'ಅಂದ್ರೆ?'

'ಅಂದ್ರೆ ಏಡಿ ಹೋದಾಂಗೆ ಹೋಗ್ತದೆ ಮಾರಾಯಾ. ಎದ್ರಿಗೆ ಬರೋರು ನಾ ಬಾಜೂಗೆ ತಿರುಗ್ತೆ ಅಂದ್ಕಂಡು ನಿಂತೇ ಬಿಡ್ತ್ರು. ನಾ ತಿರುಗೂದೇ ಇಲ್ಲ. ಅವ್ರು ಬೈತ್ರು.'

ನಾನು ಲಾರಿಯ ಸುತ್ತ ಎರಡು ಸುತ್ತು ಬಂದು, ಗಂಭೀರವಾಗಿ ರಸ್ತೆ ನೋಡಿ, 'ಇದು ಲಾರಿಯ ದೋಷ ಅಲ್ಲ ಬೀರಪ್ಪ, ರಸ್ತೆ ಒಂದು ಬದಿಗೆ ವಾಲಿದೆ' ಎಂದೆ. ಅವನು ನಂಬಿದ. ಇನ್ನೂ ಒಂದು ತಿಂಗಳು ಸಮುದ್ರ ನೋಡಿಕೊಂಡೇ ಓಡಿಸಿದ. ಟಯರು ಬ್ರೆಡ್ಡಿನ ಹೋಳಿನ ಹಾಗೆ ಸವೆದ ಮೇಲೆ ಬುಷ್ ಎಂಬ ಸಣ್ಣ ಬಿಡಿಭಾಗ ಬದಲಿಸುವ ನೆಪದಲ್ಲಿ ಗುಟ್ಟಾಗಿ ಸರಿ ಮಾಡಿಕೊಟ್ಟೆ. 'ರಸ್ತೆ ರಿಪೇರಿ ಮಾಡ್ಯಾರೆ ಕಾಣ್ತದೆ' ಎಂದು ಸಂತೋಷಪಟ್ಟ. ಇದನ್ನು ಹೇಳಿಕೊಂಡು ನಾನು ಮೂವತ್ತು ವರ್ಷ ನಗಿಸಿದ್ದೇನೆ. ಈಗ ಬರೆಯುವಾಗ ನಗು ಅಷ್ಟು ಬರುತ್ತಿಲ್ಲ.

ಅದಿರಿನ ಲಾರಿ ನಿಂತವು. ಮಂಡಿ ನೋವು ಬಂತು. ಹೊಸ ಲಾರಿಗಳ ಚಾಸಿಯನ್ನು ಬೆಸೆಯಲೇಬಾರದು, ಬದಲಿಸಬೇಕು ಎಂದು ಕಂಪನಿಯವರು ಬರೆದು ಅಂಟಿಸತೊಡಗಿದರು. ನಾನು ಅಂಗಡಿ ಮುಚ್ಚಿ ಮನೆಯ ಜಗಲಿಯ ಮೇಲೆ ಕೂತೆ. ಕೂತು ನಾಲ್ಕು ತಿಂಗಳಾಗಿರಬಹುದು, ಕಾರವಾರದಿಂದ ಡಾಕ್ಟರ್ ಸುಮನ್ ಬಂದರು.

ಅವರು ಹಲ್ಲಿನ ಡಾಕ್ಟರು. ನನ್ನ ಎರಡು ದವಡೆ ಹಲ್ಲು ಅವರೇ ಕಿತ್ತದ್ದು. ಅರವತ್ತಾರು ವಯಸ್ಸಿನ ಹೆಂಗಸು, ಹತ್ತಿ ಸೀರೆ, ಕತ್ತರಿಸಿದ ಬಿಳಿ ಕೂದಲು, ಮಾತು ಮಾತಿಗೂ ಕೊಂಕಣಿ ನುಸುಳುವ ಕನ್ನಡ. ಕೈಚೀಲದಿಂದ ಒಂದು ಹಳೆಯ ಚಿತ್ರ ತೆಗೆದು ನನ್ನ ಮುಂದಿಟ್ಟರು. ಯಾವುದೋ ಪತ್ರಿಕೆಯಿಂದ ಕಾಲೇಜು ದಿನಗಳಲ್ಲಿ ಕತ್ತರಿಸಿಕೊಂಡದ್ದು. ಮೇಲೆ ಚಾವಣಿಯಿಲ್ಲದ, ಇಬ್ಬರೇ ಕೂರುವ, ಮೂಗು ಉದ್ದವಾಗಿ ಬಾಲ ಮೊಂಡಾಗಿರುವ ವಿಲಾಯತಿ ರೇಸಿನ ಕಾರು.

'ಇಂಥದ್ದು ಒಂದು ನನಗೆ ಮಾಡ್ಬೇಕು ರೇ ಹಮ್ಮಣ್ಣ. ಅಸಲಿ ಬೇಡ, ನಕಲಿ. ಎಂಜಿನ್ ಅದೆ, ಹಳೇ ವ್ಯಾನಿಂದು. ಬಾಡಿ ಕೇಣಿಯ ಸೋಮ ಮಾಡಿಕೊಡ್ತಾನೆ, ಫೈಬರಿನಲ್ಲಿ. ಚಾಸಿ ನೀವು ಮಾಡ್ಬೇಕು.'

ಆರ್‌ಟಿಒ ಕಚೇರಿಗೂ ಹೋಗಿ ಬಂದಿದ್ದರು. ಮನೆಯಲ್ಲಿ ಜೋಡಿಸಿದ ಗಾಡಿ ರಸ್ತೆಗೆ ಇಳಿಸುವ ಹಾಗಿಲ್ಲ ಎಂದು ಅಲ್ಲಿನವರು ಸರಿಯಾಗಿಯೇ ಹೇಳಿದ್ದರಂತೆ. ಇವರಿಗೆ ಅದರ ಚಿಂತೆ ಇರಲಿಲ್ಲ. ಬಾಳೆಗುಳಿ ಹತ್ತಿರ ಅವರ ಅಣ್ಣನ ಬಯಲು ಇದೆ. ಒಂದು ಕಾಲದಲ್ಲಿ ಅದಿರು ರಾಶಿ ಹಾಕುತ್ತಿದ್ದದ್ದು, ಈಗ ಖಾಲಿ, ಗಟ್ಟಿ ನೆಲ. ಅಲ್ಲಿ ಸುತ್ತು ಹೊಡೆದರೆ ಸಾಕು, ಆದರೆ ಬೇಗ ಆಗಬೇಕು ಎಂದರು.

'ಅವಸರ ಎಂಥದಕ್ಕೆ ಡಾಕ್ಟ್ರೇ, ನಿಧಾನಕ್ಕೆ ಮಾಡುವಾ' ಎಂದೆ.

ಅವರು ಬಲಗೈ ಮೇಜಿನ ಮೇಲಿಟ್ಟರು. ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು. 'ಇದಕ್ಕೇ ಕ್ಲಿನಿಕ್ ಮುಚ್ಚಿದೆ. ಹಲ್ಲಿನ ಡಾಕ್ಟರ ಕೈ ನಡುಗಿದ್ರೆ ರೋಗಿ ಕುರ್ಚಿ ಸಮೇತ ಓಡ್ತಾನೆ. ಸ್ಟೇರಿಂಗ್ ಇನ್ನೊಂದು ಎರಡು ವರ್ಷ ಹಿಡೀಬಹುದು ಅಂತ ಹೇಳ್ಯಾರೆ. ಆಮೇಲಿಂದು ಗೊತ್ತಿಲ್ಲ. ಅವಸರ ಅದಕ್ಕೆ.'

ನಾನು ಒಪ್ಪಿದೆ. ಆ ಕೈ ನೋಡಿಯೂ ಮುಂದೆ ನಾನು ಮಾಡಿದ್ದನ್ನು ಮಾಡಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಮಾರನೇ ವಾರ ಅವರ ಮನೆಯಲ್ಲಿ ಚಾಸಿ ಆರಿಸಲು ಕೂತೆವು. ನಾನು, ಡಾಕ್ಟರು, ಕಡಲಂಚಿನ ಕೇಣಿ ಊರಿನ ಸೋಮ. ಸೋಮ ಮೀನುಗಾರ ಹರಿಕಂತ್ರರವನು, ಐವತ್ತರ ಆಸುಪಾಸು. ಅವನ ಅಪ್ಪ ಮರದ ದೋಣಿ ಕಟ್ಟುತ್ತಿದ್ದ, ಇವನು ಫೈಬರಿನ ದೋಣಿ ಮಾಡುತ್ತಾನೆ. ಡಾಕ್ಟರು ಎಲ್ಲಿಂದಲೋ ತರಿಸಿದ ಮೂರು ನಕ್ಷೆ ಹರಡಿದರು. ಮೊದಲನೆಯದು ಆ ವ್ಯಾನಿನ ಹಳೆಯ ತಳವನ್ನೇ ಕತ್ತರಿಸಿ ಗಿಡ್ಡ ಮಾಡುವುದು. ಅದರ ತಳ ತುಕ್ಕು ತಿಂದು ದೋಸೆಯಾಗಿತ್ತು, ಬಿಟ್ಟೆವು. ಎರಡನೆಯದು ಏಣಿ ಚಾಸಿ, ಲಾರಿಯದೇ ಸಣ್ಣ ರೂಪ. ಮೂರನೆಯದು ಪೈಪಿನ ಪಂಜರ: ಬೆರಳು ದಪ್ಪದ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು ಮಾಡಿದ್ದು.

ಡಾಕ್ಟರಿಗೆ ಮೂರನೆಯದರ ಮೇಲೆ ಮನಸ್ಸು. 'ಹಗುರ ಇರ್ತದೆ. ಹಗುರ ಗಾಡಿ ನನ್ನ ಕೈಗೆ ಸುಲಭ' ಎಂದರು. ಸೋಮನೂ ಹಾಗೆಯೇ ಎಂದ: 'ದೋಣಿ ಏನು, ಗಾಡಿ ಏನು. ತೂಕ ಕಮ್ಮಿ ಇದ್ರೆ ಹೇಳಿದ್ ಮಾತು ಕೇಳ್ತದೆ.'

ನಾನು ಪೈಪಿನ ನಕ್ಷೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದೆ. ಸತ್ಯ ಏನೆಂದರೆ, ಅಷ್ಟು ತೆಳು ಪೈಪು ಬೆಸೆಯಲು ನನಗೆ ಬರುತ್ತಿರಲಿಲ್ಲ. ನಾನು ಹೇಳಿದ್ದು ಬೇರೆ. 'ಇದು ಚಾಸಿ ಅಲ್ಲ ಡಾಕ್ಟ್ರೇ, ಗಿಳಿ ಇಡೂ ಪಂಜರ. ನಲವತ್ತು ವರ್ಷ ಏಣಿ ಚಾಸಿ ಮಾಡ್ದೆ. ನಾ ಬೆಸೆದದ್ದು ಒಂದೂ ಬಿಟ್ಟಿಲ್ಲ. ನಿಮ್ಮ ಜೀವ ನಾ ಪೈಪಿನ ಮೇಲೆ ಕೂರ್ಸೂದಿಲ್ಲ.' ಜೀವದ ಮಾತು ಬಂದ ಮೇಲೆ ಯಾರು ಏನು ಹೇಳುತ್ತಾರೆ. ಏಣಿ ಚಾಸಿ ಎಂದು ತೀರ್ಮಾನವಾಯಿತು. ಹೊಸಬರು ಇದನ್ನು ನೆನಪಿಡಬೇಕು: ಬರದ ಕೆಲಸವನ್ನು ಕೆಟ್ಟ ಕೆಲಸ ಎನ್ನುವುದು ನಮ್ಮ ಕಸುಬಿನವರ ಹಳೆಯ ಚಟ.

ಮುಚ್ಚಿದ ಅಂಗಡಿಯ ಬಾಗಿಲು ತೆಗೆದೆ. ದಪ್ಪ ಚೌಕ ಪೈಪಿನ ಎರಡು ತೊಲೆ, ಐದು ಅಡ್ಡಪಟ್ಟಿ. ತೊಲೆಗಳನ್ನು ಮುಕ್ಕಾಲಿಯ ಮೇಲಿಟ್ಟೆ, ದಾರ ಎಳೆದೆ. ಆಮೇಲೆ ಕೈ ತಾನಾಗಿಯೇ ಜಾಕ್ ಎಳೆದುಕೊಂಡು ನಡುವಿಗೆ ಇಟ್ಟಿತು, ಹೆಬ್ಬೆರಳಿನಷ್ಟು ಎತ್ತಿತು. ಮನಸ್ಸು ಯೋಚಿಸಲೇ ಇಲ್ಲ. ದೇವಸ್ಥಾನದ ಮುಂದೆ ಹೋಗುವಾಗ ಕೈ ಹೇಗೆ ಎದೆ ಮುಟ್ಟಿಕೊಳ್ಳುತ್ತದೋ ಹಾಗೆ. ಇಬ್ಬರು ಕೂರುವ ಕಾರಿಗೆ ನಾನು ಅದಿರಿನ ಲೋಡಿನ ಉಬ್ಬು ಕೊಟ್ಟು ಬೆಸೆದುಬಿಟ್ಟೆ. ಎತ್ತಲು ಆರು ಜನ ಬೇಕಾಯಿತು. 'ಭದ್ರ ಅದೆ' ಎಂದು ಡಾಕ್ಟರು ಹೊಗಳಿದರು. ತೆಂಗಿನಕಾಯಿ ಒಡೆದರು.

ಸೋಮ ಕೇಣಿಯಲ್ಲಿ ಬಾಡಿ ಮಾಡಿದ. ಅದನ್ನು ನೋಡಿ ನಿಜಕ್ಕೂ ಕಣ್ಣು ತಂಪಾಯಿತು. ಅಚ್ಚಿಗೆ ಪ್ಲಾಸ್ಟರ್ ಹಾಕಲು ಡಾಕ್ಟರೇ ಕೂತಿದ್ದರು. ಹಲ್ಲಿನ ಅಚ್ಚು ತೆಗೆದು ತೆಗೆದು ಪಳಗಿದ ಕೈ. ನಡುಗುವ ಕೈಗೂ ಆ ಕೆಲಸ ಮರೆತಿರಲಿಲ್ಲ. ಬಾಡಿಯನ್ನು ಮೀನಿನ ಟೆಂಪೊದಲ್ಲಿ ಹೇರಿ ಬಾಳೆಗುಳಿಗೆ ತಂದು ಚಾಸಿಯ ಮೇಲೆ ಕೂರಿಸಿದೆವು. ಮುಂದೆ ಕೂತಿತು, ಹಿಂದೆ ಕೂತಿತು. ಬಾಗಿಲು ಮುಚ್ಚಲಿಲ್ಲ. ನಡುವೆ ಚಾಸಿ ಉಬ್ಬಿದ್ದರಿಂದ ಬಾಗಿಲಿನ ಬಾಯಿ ಮೇಲ್ಗಡೆ ಅಗಲವಾಗಿ, ಚಿಲಕ ಅದರ ಕೊಂಡಿಗೆ ಎಟುಕದೆ ನಿಂತಿತು.

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಬಗ್ಗಿ ನೋಡುವುದೂ ಬೇಕಾಗಿರಲಿಲ್ಲ.

ಎಲ್ಲರೂ ನನ್ನ ಮುಖ ನೋಡಿದರು. ಉಸ್ತಾದರ ಎರಡನೆಯ ವಿದ್ಯೆ ಬಾಯಿಗೆ ಬಂತು. 'ಫೈಬರ್ ಒಣಗುವಾಗ ಮುದುಡಿದೆ ಸೋಮಾ. ಬಾಡಿ ಸೊಟ್ಟ ಆಗ್ಯದೆ' ಎಂದೆ.

ಸೋಮ ನಂಬಿದ. ಅವನು ದೊಡ್ಡವರ ಮಾತನ್ನು ಅನುಮಾನಿಸುವವನಲ್ಲ. ತನ್ನದೇ ತಪ್ಪು ಎಂದು ಡಾಕ್ಟರ ಹತ್ತಿರ ಕೈ ಮುಗಿದ. ಬಾಡಿಯನ್ನು ವಾಪಸ್ಸು ಒಯ್ದು ಎರಡನೆಯದು ಮಾಡಿದ. ಅದೂ ಅದೇ ಅಚ್ಚಿನದು, ಅದೂ ಮುಚ್ಚಲಿಲ್ಲ. ಆ ದಿನ ನಾನು ಇನ್ನೊಂದು ಉಪಾಯ ಮಾಡಿದೆ. ಗಾಡಿ ಹೊಸದು, ಸ್ವಲ್ಪ ಭಾರ ಹಾಕಿದರೆ ಕೂರುತ್ತದೆ ಎಂದು ಒಳಗೆ ಮರಳಿನ ಚೀಲ ಹೊರಿಸಿದೆ. ಹದಿನಾಲ್ಕು ಚೀಲ. ಇಬ್ಬರ ಗಾಡಿಯಲ್ಲಿ ಸೀಟು, ಗೇರು ಯಾವುದೂ ಕಾಣದ ಹಾಗೆ ಚೀಲಗಳು ಕೂತವು. ಸಂದು ಅರ್ಧಕ್ಕೆ ಇಳಿಯಿತು.

'ನೋಡಿ, ಮುಚ್ಚೂಕೆ ಬಂತು' ಎಂದೆ.

ಡಾಕ್ಟರು ಗಾಡಿಯನ್ನೂ ನನ್ನನ್ನೂ ನೋಡಿದರು. 'ಇನ್ನೊಂದ್ ಹದಿನಾಲ್ಕು ಚೀಲ ಹಾಕಿದ್ರೆ ಪೂರ್ತಿ ಮುಚ್ತದೆ ಅಲ್ವಾ? ನಾನು ಎಲ್ಲಿ ಕೂರೂದು ಹಮ್ಮಣ್ಣ?'

ನಾನು ಚೀಲ ಇಳಿಸತೊಡಗಿದೆ. ಸೋಮ ಈ ಸಲ ಅಚ್ಚನ್ನೇ ಕತ್ತರಿಸಿ ಮತ್ತೆ ಮಾಡುತ್ತೇನೆ ಎಂದ. ಅಷ್ಟರಲ್ಲಿ ಮಳೆಗಾಲ ಬಂತು. ಮಳೆಯಲ್ಲಿ ಫೈಬರ್ ಹಿಡಿಯುವುದಿಲ್ಲ. ಕೆಲಸ ನಿಂತಿತು. ನಾನು ಜಗಲಿಯಲ್ಲಿ ಕೂತು ಒಳ್ಳೆಯದೇ ಆಯಿತು ಎಂದುಕೊಂಡೆ. ನಾಲ್ಕು ತಿಂಗಳಲ್ಲಿ ಏನಾದರೂ ಹೊಳೆದೀತು, ಗುಟ್ಟಾಗಿ ಸರಿ ಮಾಡಿಬಿಡಬಹುದು ಎಂದು. ಆದರೆ ಬುಷ್ ಬದಲಿಸುವ ನೆಪದಲ್ಲಿ ಚಾಸಿ ಬದಲಿಸಲು ಬರುವುದಿಲ್ಲ.

ಮಳೆ ಕಳೆದ ಮೇಲೆ ಡಾಕ್ಟರು ನನ್ನನ್ನು ಕರೆದುಕೊಂಡು ಕೇಣಿಗೆ ಹೋದರು. ಸೋಮನ ಹೆಂಡತಿ ಮಂಗಲಾ ಚಹಾ ಕೊಟ್ಟಳು. ಹಿಂದಿನ ವರ್ಷ ಒಂದೇ ಕೈಯಲ್ಲಿ ಲೋಟ ಹಿಡಿಯುತ್ತಿದ್ದ ಡಾಕ್ಟರು ಈಗ ಎರಡೂ ಕೈಯಲ್ಲಿ ಹಿಡಿದರು, ಆದರೂ ಸೀರೆಯ ಮೇಲೆ ಚೆಲ್ಲಿತು. 'ಒಂದು ಮಳೆಗಾಲ ಹೋಯ್ತು ಅಲ್ವಾ' ಎಂದರು. ಯಾರನ್ನೂ ದೂರುವ ದನಿಯಲ್ಲ, ಲೆಕ್ಕ ಹೇಳುವ ದನಿ.

ಸೋಮ ಗರಗಸ ಹಿಡಿದು ಅಚ್ಚಿನ ಮುಂದೆ ಕೂತಿದ್ದ. ಅಷ್ಟು ಚೆಂದದ ಅಚ್ಚು. 'ಹಮ್ಮಣ್ಣ, ಇದ್ನೂ ಒಂದ್ ಮಾಡಿ ಕೊಟ್ಬಿಡ್ತೆ. ಆಮೇಲೆ ಈ ಕೆಲ್ಸ ಬಿಡ್ತೆ. ದೋಣಿ ಮಾಡ್ಕೊಡು ಅಂತ ಇಬ್ರು ಬಂದಿದ್ರು, ಆಗೂದಿಲ್ಲ ಅಂದೆ. ಎರಡು ಬಾಡಿ ಸೊಟ್ಟ ಮಾಡ್ದ ಕೈಯಿಂದ ದೋಣಿ ಮಾಡಿ, ನಾಳೆ ಅದು ಸಮುದ್ರದಲ್ಲಿ ಮಗುಚಿದ್ರೆ? ನನ್ ಕೈಯೇ ಸರಿ ಇಲ್ಲ.'

ಗರಗಸ ಅಚ್ಚಿಗೆ ತಾಗಿತು. ನಾನು ಕೈ ಅಡ್ಡ ಹಿಡಿದೆ.

'ನಿಲ್ಸೋ ಸೋಮಾ' ಎಂದೆ. 'ನಿನ್ ಬಾಡಿ ಸರಿ ಅದೆ. ಎರಡೂ ಸರಿ ಅದೆ. ಚಾಸಿ ಸೊಟ್ಟ. ನಾನೇ ಲಾರಿಗೆ ಕೊಟ್ಟಾಂಗೆ ಉಬ್ಬು ಕೊಟ್ಟೆ. ಬಾಗಿಲು ಮುಚ್ಚದಿದ್ದ ದಿನವೇ ನಂಗೆ ಗೊತ್ತಿತ್ತು. ತಪ್ಪು ನಂದು.'

ಬದಿಯಲ್ಲಿ ಬಲೆ ಬಿಡಿಸುತ್ತಿದ್ದವರು ತಿರುಗಿ ನೋಡಿದರು. ಸೋಮ ಗರಗಸ ಕೆಳಗಿಟ್ಟ.

'ಎಷ್ಟ್ ಉಬ್ಬು?'

'ಹೆಬ್ಬೆರಳಷ್ಟು.'

'ಯಾರ ಹೆಬ್ಬೆರಳು?'

ನಾನು ನನ್ನದನ್ನು ತೋರಿಸಿದೆ. ಅವನು ಅದನ್ನು ಹಿಡಿದು, ತಿರುಗಿಸಿ ನೋಡಿ, ಮುರಿಯುತ್ತಾನೆ ಎಂದುಕೊಂಡಾಗ ಬಿಟ್ಟುಬಿಟ್ಟ. ಎದ್ದು ನೀರಿನ ಅಂಚಿನವರೆಗೆ ನಡೆದುಹೋದ. ಅವನು ಬೈಯದೆ ಉಳಿಸಿದ್ದನ್ನೆಲ್ಲ ಮಂಗಲಾ ಬೈದಳು. ಕೊಂಕಣಿಯಲ್ಲಿ ಶುರು ಮಾಡಿ, ನನಗೆ ಪೂರ್ತಿ ತಿಳಿಯಲೆಂದು ಕನ್ನಡದಲ್ಲಿ ಮುಗಿಸಿದಳು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ. ಸೋಮ ತಿರುಗಿ ಬಂದು ಗರಗಸವನ್ನು ಮೊಳೆಗೆ ತೂಗುಹಾಕಿದ. 'ದೋಣಿ ಕೇಳಿದೋರಿಗೆ ಫೋನ್ ಮಾಡೇ' ಎಂದು ಹೆಂಡತಿಗೆ ಹೇಳಿದ. ನನ್ನ ಜೊತೆ ಮಾತು ಬಿಟ್ಟ.

ಡಾಕ್ಟರು ಏನು ಹೇಳುತ್ತಾರೋ ಎಂದು ನಾನು ತಲೆ ತಗ್ಗಿಸಿ ಕೂತಿದ್ದೆ.

'ನಾನೂ ಒಬ್ರ ಒಳ್ಳೇ ಹಲ್ಲು ಕಿತ್ತೆ ಹಮ್ಮಣ್ಣ, ಹುಳುಕು ಹಲ್ಲು ಪಕ್ಕದಲ್ಲೇ ಕೂತಿತ್ತು' ಎಂದರು. 'ಅಲ್ಲೇ ಅವ್ರಿಗೆ ಹೇಳ್ದೆ. ಅವ್ರು ಇಡೀ ಕಾರವಾರಕ್ಕೆ ಹೇಳಿದ್ರು. ಆರು ತಿಂಗ್ಳು ಕ್ಲಿನಿಕ್ಕಿಗೆ ನೊಣಾನೂ ಬರ್ಲಿಲ್ಲ. ಆಮೇಲೆ ಬಂದೋರು, ಯಾವ ಹಲ್ಲು ಡಾಕ್ಟ್ರೇ ಅಂತ ನನ್ನನ್ನೇ ಕೇಳಿ, ನಾ ಹೇಳಿದ್ದನ್ನ ನಂಬಿ ಬಾಯಿ ತೆಗೀತಿದ್ರು. ನೀವು ಒಂದು ಮಳೆಗಾಲ ತಡ ಮಾಡಿದ್ರಿ, ಅದಕ್ಕೆ ಸಿಟ್ಟದೆ. ಸಿಟ್ಟು ಇರ್ತದೆ, ಕೆಲಸ ಆಗ್ಬೇಕು. ಈಗ ಹೇಳಿ, ಯಾವ ಚಾಸಿ?'

'ಪೈಪಿಂದು' ಎಂದೆ. 'ಆದ್ರೆ ಡಾಕ್ಟ್ರೇ, ಅದು ನಂಗೆ ಮಾಡೂಕೆ ಬರೂದಿಲ್ಲ. ಕಲೀಬೇಕು.'

ಒಂದೇ ದಿನ ಎರಡು ಸಲ ನಿಜ ಹೇಳಿದ್ದು ನನಗೇ ಅಭ್ಯಾಸವಿಲ್ಲದೆ ಸುಸ್ತಾಯಿತು.

ಕಾರವಾರದಲ್ಲಿ ಮೆಟ್ಟಿಲಿಗೆ ಸ್ಟೀಲ್ ರೇಲಿಂಗ್ ಹಾಕುವ ಪ್ರಶಾಂತ ಎಂಬವನಿದ್ದಾನೆ, ನನ್ನ ಅರ್ಧ ವಯಸ್ಸಿನವನು. ತೆಳು ಪೈಪಿನ ಕೆಲಸದಲ್ಲಿ ಅವನ ಕೈ ಸಕ್ಕರೆ. ದಿನವೂ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಅವನ ಹತ್ತಿರ ಪಾಠಕ್ಕೆ ಕೂತೆ. ಮೊದಲನೇ ಪೈಪು ತೂತು ತೂತಾಗಿ ಕೊಳಲಾಯಿತು. 'ಅಜ್ಜಾ, ಇದು ಲಾರಿ ಅಲ್ಲ. ಸಿಟ್ಟಿನಲ್ಲಿ ಬೆಸೀಬೇಡಿ. ಮುಟ್ಟಿ ಬಿಡಿ, ಮುಟ್ಟಿ ಬಿಡಿ' ಎನ್ನುತ್ತಿದ್ದ. ನಲವತ್ತು ವರ್ಷ ನಾನು ಬೇರೆಯವರಿಗೆ ಬೈದು ಕಲಿಸಿದವನು. ಬೈಯದೆಯೂ ಕಲಿಸಬಹುದು ಎಂದು ಅಲ್ಲಿ ಗೊತ್ತಾಯಿತು. ಒಂದು ತಿಂಗಳಿಗೆ ಬೆಸುಗೆ ಹೊಲಿಗೆಯ ಹಾಗೆ ಬರತೊಡಗಿತು. ಪ್ರಶಾಂತ ಅದರ ಮೇಲೆ ಬೆರಳು ಎಳೆದು 'ಈಗ ರೇಲಿಂಗ್ ಕೆಲ್ಸಕ್ಕೆ ಇಟ್ಕಂಬಹುದು' ಎಂದ. ನನ್ನ ಜೀವನದಲ್ಲಿ ಯಾವ ಲಾರಿ ಮಾಲಕನ ಹೊಗಳಿಕೆಗೂ ನಾನು ಅಷ್ಟು ಹಿಗ್ಗಿದ್ದಿಲ್ಲ.

ಏಣಿ ಚಾಸಿಯನ್ನು ನಾನೇ ಗ್ರೈಂಡರಿನಲ್ಲಿ ತುಂಡು ಮಾಡಿದೆ. ಹೊಸದಕ್ಕೆ ದಪ್ಪ ಹಲಗೆಯ ಮೇಲೆ ನಕ್ಷೆ ಬರೆದು, ಟೇಪು ಹಿಡಿದು, ಪ್ರತಿ ಪೈಪನ್ನೂ ಎರಡು ಸಲ ಅಳೆದು ಕತ್ತರಿಸಿದೆ. ಜಾಕನ್ನು ಮಂಗಲಾಳ ಮನೆಯಲ್ಲಿ ಇಟ್ಟುಬಂದಿದ್ದೆ, ಕೈಗೆ ಸಿಗದಿರಲಿ ಎಂದು. ಮಾತು ಬಿಟ್ಟಿದ್ದ ಸೋಮ ಒಂದು ಮಧ್ಯಾಹ್ನ ಬಂದು ನೋಡಿ, 'ಪೈಪಿನೊಳ್ಗೆ ಉಪ್ಪು ಗಾಳಿ ಹೊಕ್ರೆ ಎರಡೇ ವರ್ಷ. ಹೊರಗಿಂದ ಗೊತ್ತಾಗೂದಿಲ್ಲ' ಎಂದ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಪ್ರತಿ ಪೈಪಿಗೂ ಸಣ್ಣ ತೂತು ಕೊರೆದು, ಒಳಗೆ ಎಣ್ಣೆ ಹುಯ್ದು, ಎಲ್ಲ ಕಡೆ ಹರಿಯುವ ಹಾಗೆ ಮಗುಚಿ, ತಿರುಗಿಸಿ, ಉಳಿದದ್ದನ್ನು ಬಸಿದು, ತೂತನ್ನು ಸ್ಕ್ರೂ ಹಾಕಿ ಬಿಗಿದೆವು. ಆ ಮಗುಚುವ ಕೆಲಸಕ್ಕೆ ನಾವಿಬ್ಬರೇ ಸಾಕಾದೆವು. ಅಷ್ಟು ಹಗುರ.

ಬಾಡಿ ಹೊಸದು ಬೇಕಾಗಿರಲಿಲ್ಲ, ಮೊದಲನೆಯದೇ ಕೂರಬೇಕಿತ್ತು. ಎರಡನೆಯದರ ಮೇಲೆ ಹದಿನಾಲ್ಕು ಚೀಲ ಹೊರಿಸಿ ನಾನು ಅದರ ನೆಲ ಒಡೆದಿದ್ದೆ. ಮೊದಲನೆಯದನ್ನು ಹುಡುಕಿಕೊಂಡು ಹೋದರೆ ಅದು ಸೋಮನ ಹಿತ್ತಲಲ್ಲಿ ಮಗುಚಿಕೊಂಡಿತ್ತು. ಮಂಗಲಾ ಅದರಡಿ ಕೋಳಿ ಸಾಕಿದ್ದಳು. ದೀಪದ ತೂತಿನಿಂದ ಒಂದು ಹುಂಜ ಕತ್ತು ಹೊರಗೆ ಹಾಕಿ ನಮ್ಮನ್ನು ನೋಡಿತು.

'ಕೊಡೂದಿಲ್ಲ' ಎಂದಳು ಮಂಗಲಾ. 'ಸೊಟ್ಟ ಅಂದ್ರಿ, ಬಿಸಾಡಿದ್ರಿ. ನನ್ ಕೋಳಿಗೆ ಸರಿಯಾಗೇ ಕೂತದೆ.'

ಕೊನೆಗೆ ಏಣಿ ಚಾಸಿಯ ತುಂಡುಗಳಿಂದ ನಾನು ಅವಳಿಗೊಂದು ಕೋಳಿಗೂಡು ಮಾಡಿಕೊಟ್ಟ ಮೇಲೆ ಬಾಡಿ ಬಿಟ್ಟುಕೊಟ್ಟಳು. ಆನೆ ಹತ್ತಿದರೂ ಅಲುಗದ ಗೂಡು. ಬಾಡಿಯನ್ನು ಮೂರು ಸಲ ತೊಳೆದೆವು. ಹೊಸ ಚಾಸಿಯ ಮೇಲೆ ಕೂರಿಸಿ ಸೋಮ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದ. ಟಪ್ ಎಂದು ಮುಚ್ಚಿತು. ತೆಗೆದು ಮತ್ತೆ ಮುಚ್ಚಿದ. ಹತ್ತು ಸಲವಾದರೂ ಮುಚ್ಚಿರಬೇಕು. ಆಮೇಲೆ ಗಾಡಿಗೆ ಒರಗಿ ಕೂತು ತನ್ನ ಎರಡು ಅಂಗೈ ನೋಡಿಕೊಂಡ. ನಾನು ಆ ಕಡೆ ನೋಡಲಾರದೆ ಹೊರಗೆ ಹೋದೆ.

ಎಂಜಿನ್ನು, ಸ್ಟೇರಿಂಗು, ಚಕ್ರ ಎಲ್ಲ ಜೋಡಿಸಿ ಮುಗಿಸಿದೆವು. ಓಡಿಸುವ ದಿನ ಬಯಲಿಗೆ ಅರ್ಧ ಕೇಣಿಯೇ ಬಂದಿತ್ತು. ಮಂಗಲಾ ಆರತಿ ತಂದಿದ್ದಳು. ಡಾಕ್ಟರು ಹೊಸ ಟೋಪಿ ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕೂತಿದ್ದರು. ಎಂಜಿನ್ ಚಾಲೂ ಆಯಿತು. ನಾನು ಕೊನೆಗೊಮ್ಮೆ ಬಗ್ಗಿ ನೋಡಿದೆ. ಸ್ಟೇರಿಂಗ್ ಕೂರುವ ಪೈಪಿನ ಬೆಸುಗೆಯ ಪಕ್ಕ ಕೂದಲೆಳೆಯಷ್ಟು ಗೀರು.

ಯಾರೂ ನೋಡಿರಲಿಲ್ಲ. ಜನ ಕಾಯುತ್ತಿದ್ದರು. ಆ ಬಯಲಿನಲ್ಲಿ ನಿಧಾನಕ್ಕೆ ಎರಡು ಸುತ್ತು ಹೊಡೆದರೆ ಏನೂ ಆಗುತ್ತಿರಲಿಲ್ಲವೋ ಏನೋ. ಆದರೂ ಹೇಳಿದೆ: 'ಡಾಕ್ಟ್ರೇ, ಇಳೀರಿ. ಇವತ್ತಾಗೂದಿಲ್ಲ. ಒಂದ್ ಬೆಸುಗೆ ನಂಗೆ ಸಮಾಧಾನ ಇಲ್ಲ.'

ಜನ ಗೊಣಗಿದರು. ಡಾಕ್ಟರು ಎಂಜಿನ್ ಆರಿಸಿ, ಟೋಪಿ ತೆಗೆದು ಇಳಿದರು. 'ನೀವು ಹೇಳಿದ ದಿನ ಬರ್ತೆ' ಎಂದರು, ಅಷ್ಟೇ.

ಎಲ್ಲರೂ ಹೋದ ಮೇಲೆ ಕೆರೆದು ನೋಡಿದರೆ ಗೀರು ಬಣ್ಣದ್ದು. ಬೆಸುಗೆ ಗಟ್ಟಿಯಾಗಿತ್ತು. ಫೋನು ಮಾಡಿ ಅದನ್ನೂ ಹೇಳಬೇಕಾಯಿತು. 'ಡಾಕ್ಟ್ರೇ, ತಪ್ಪಾಯ್ತು. ತಪ್ಪೇ ಇರ್ಲಿಲ್ಲ.' ಅವರು ಆ ಕಡೆಯಿಂದ ಎಷ್ಟು ನಕ್ಕರೆಂದರೆ ಫೋನೇ ಕಟ್ಟಾಯಿತು.

ಮಾರನೆಯ ದಿನ ಬೆಳಿಗ್ಗೆ ಬಯಲಿನಲ್ಲಿ ನಾವು ಮೂವರೇ. ಡಾಕ್ಟರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗಾಡಿ ಎರಡು ಸಲ ಜಗ್ಗಿ ನಿಂತಿತು, ಮೂರನೆಯ ಸಲ ಹೊರಟಿತು. ಚಾವಣಿಯಿಲ್ಲದ ಗಾಡಿಯಲ್ಲಿ ನೆಲ ಇಷ್ಟು ಹತ್ತಿರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಜೀವಮಾನವಿಡೀ ನ್ಯೂಟ್ರಲಿನಲ್ಲಿ ನಿಂತ ಗಾಡಿಗಳ ಅಡಿಯಲ್ಲಿ ಮಲಗಿದವನು ನಾನು. ಸ್ಟೇರಿಂಗಿನ ಮೇಲೆ ಅವರ ಬಲಗೈ ನಡುಗುತ್ತಲೇ ಇತ್ತು. ಬಯಲಿನ ಕೊನೆ, ಅದರಾಚೆಯ ಗೇರುಮರಗಳು ದೊಡ್ಡದಾಗುತ್ತ ಬಂದವು.

'ಹೆದರಿಕೆ ಆಗ್ತದಾ ಹಮ್ಮಣ್ಣ?'

'ಹೌದು ಡಾಕ್ಟ್ರೇ' ಎಂದೆ. 'ಆಗ್ತದೆ.'

'ನಂಗೂ' ಎಂದರು. ಗಾಡಿ ತಿರುಗಿಸಿ, ಆಕ್ಸಿಲರೇಟರ್ ಒತ್ತಿದರು.